ಎಕೋ ಆಗಿದೆ, ಮತ್ತೆ ಕತ್ತಿಗೆ ಟ್ಯೂಬ್ ಯಾಕೆ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಹೃದಯ ವೈಫಲ್ಯ, ಜೊತೆಗೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ. ಹೊಸ ಔಷಧದ ಪ್ರಯೋಗಕ್ಕೆ ಸೇರಬೇಕಾದರೆ ಹೃದಯಕ್ಕೆ ಟ್ಯೂಬ್ ಹಾಕಿ ನೋಡಬೇಕಂತೆ. ಎಕೋ ಸಾಲದೇ? ಪಕ್ಕದ ಮನೆಯವರು ನುಂಗುವ ಸಿಲ್ಡೆನಾಫಿಲ್ ಮಾತ್ರೆಯನ್ನೇ ಕೊಡಬಾರದೇ?
–ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಎಕೋದಲ್ಲಿ ಬರುವ ಒತ್ತಡ ಅಂದಾಜಿನ ಲೆಕ್ಕ. ಕತ್ತಿನ ಅಥವಾ ತೊಡೆಸಂದಿನ ರಕ್ತನಾಳದೊಳಗೆ, ತುದಿಯಲ್ಲಿ ಪುಟ್ಟ ಬಲೂನಿರುವ ಟ್ಯೂಬ್ (ಕ್ಯಾತಿಟರ್) ತೂರಿಸಿದಾಗಲೇ ಅಳತೆ ಸಿಗುವುದು. ಆ ಜಾಗಕ್ಕಷ್ಟೇ ಮರಗಟ್ಟಿಸುತ್ತಾರೆ. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಮಿ.ಮೀ. ಪಾದರಸ ಮೀರಿದರೆ ಕಾಯಿಲೆ. ಬಲೂನು ಉಬ್ಬಿಸಿ ನೋಡುವ ವೆಡ್ಜ್ ಒತ್ತಡ 15 ದಾಟಿದರೆ ಮೂಲ ಎಡ ಹೃದಯದಲ್ಲಿದೆ. ಸರಾಸರಿ 40, ವೆಡ್ಜ್ 24, ಹೃದಯ ನಿಮಿಷಕ್ಕೆ ತಳ್ಳುವ ರಕ್ತ 4 ಲೀಟರ್ ಎನ್ನಿ. ಒತ್ತಡಗಳ ವ್ಯತ್ಯಾಸ 16, ಅದನ್ನು ಆ 4 ಲೀಟರ್‌ನಿಂದ ಭಾಗಿಸಿದರೆ 4 ವುಡ್ ಯೂನಿಟ್; ಶ್ವಾಸಕೋಶದ ನಾಳಗಳು ರಕ್ತಕ್ಕೆ ಒಡ್ಡುವ ತಡೆಯ ಅಳತೆ ಇದು. 2 ದಾಟಿತೆಂದರೆ ಶ್ವಾಸಕೋಶದ ರಕ್ತನಾಳವೂ ಕೆಟ್ಟಿದೆ. ಹೊಸ ಔಷಧಗಳ ಪ್ರಯೋಗದಲ್ಲಿ ಹೆಚ್ಚಾಗಿ ಹುಡುಕುವುದು ಇಂಥವರನ್ನೇ. ಕಾಲು ಬಾತಿರುವಾಗ ಅಳೆದರೆ ಲೆಕ್ಕ ಕೆಡುತ್ತದೆ, ಮೊದಲು ನೀರಿನ ಮಾತ್ರೆಯಿಂದ ಬಾವು ಇಳಿಯಲಿ. ಉಸಿರು ಹೊರಬಿಟ್ಟ ಕೊನೆಯಲ್ಲಿ ಅಳತೆ ಓದದಿದ್ದರೂ ಲೆಕ್ಕ ಕೆಡುತ್ತದೆ.

ಇನ್ನು ಪಕ್ಕದ ಮನೆಯ ಮಾತ್ರೆ. ಅವರದು ಬೇರೆ ಬಗೆಯ ಕಾಯಿಲೆ ಇರಬಹುದು. ಎಡ ಹೃದಯಕ್ಕೆ ಬಂದ ರಕ್ತವನ್ನೇ ಸಾಗಿಸಲಾಗದಿರುವಾಗ ಈ ಮಾತ್ರೆಯಿಂದ ಶ್ವಾಸಕೋಶದ ನಾಳ ಅಗಲಿಸಿದರೆ ಅಲ್ಲಿ ನೀರು ತುಂಬೀತು. ಕವಾಟದ ಚಿಕಿತ್ಸೆಯ ನಂತರವೂ ಒತ್ತಡ ಉಳಿದಿದ್ದ 200 ಮಂದಿಯ ಮೇಲೆ ಸ್ಪೇನ್‌ನಲ್ಲಿ ನಡೆದ ಸಿಯೋವಾಕ್ ಪ್ರಯೋಗದಲ್ಲಿ, ಸಿಲ್ಡೆನಾಫಿಲ್ 40 ಮಿ.ಗ್ರಾಂ ದಿನಕ್ಕೆ ಮೂರು ಸಲ, ಆರು ತಿಂಗಳು ಪಡೆದವರ ಸ್ಥಿತಿ ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ಪಡೆದವರಿಗಿಂತ ಕೆಟ್ಟಿತು. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಜೊತೆ ಸಿಲ್ಡೆನಾಫಿಲ್ ಸೇರಿದರೆ ಬಿಪಿ ಕುಸಿದುಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ವಸ್ತುವಲ್ಲ ಅದು.

ಪ್ರಯೋಗಕ್ಕೆ ಸಹಿ ಹಾಕುವ ಮುಂಚೆ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಒಪ್ಪಿಗೆ, ಒಪ್ಪಿಗೆ ಪತ್ರದ ಕನ್ನಡ ಪ್ರತಿ ಕೇಳಿ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮವಿದೆ. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಆಷಾಢದ ಮಳೆಯಲ್ಲಿ ಶಿವಮೊಗ್ಗಕ್ಕೆ ತಪಾಸಣೆಗೆ ಬರಲಾಗದಿದ್ದರೆ ಮೊದಲೇ ಹೇಳಿ, ನಡುವೆ ತಪ್ಪಿಸಬೇಡಿ. ಮಿಡಿ ಉಪ್ಪಿನಕಾಯಿ ಬಂದ್. ಬೆಳಿಗ್ಗೆ ಮೂತ್ರವಾದ ಮೇಲೆ ತೂಕ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಫೋನ್ ಮಾಡಿ.

ಪ್ರಶ್ನೆ: ಹುಸಿಮಾತ್ರೆ ಬೇಡ, ನಿಜವಾದದ್ದೇ ಕೊಡಿ ಎನ್ನಬಹುದೇ? –ಸಾಗರ
ಉತ್ತರ: ಆಗದು. ಇಂಥ ಪ್ರಯೋಗದಲ್ಲಿ ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಪಂಡಿತರೊಬ್ಬರು ಪುಡಿ ಕೊಟ್ಟು, ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ ಎಂದಿದ್ದಾರೆ. –ಹೊಸನಗರ
ಉತ್ತರ: ಪುಡಿ ನಿಲ್ಲಿಸಿ.