ಮೊದಲ ಹೆರಿಗೆ ತವರಲ್ಲೇ ಆಗಬೇಕಾ?

ಆಕೆಗೆ ಇಪ್ಪತ್ತಾರು ವರ್ಷ. ಚೊಚ್ಚಲ ಬಸುರಿ. ಮೂರನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದೆ ಅಂತ ಬಂದಿತ್ತು. ಆದರೆ ರಿಪೋರ್ಟಿನ ಕೊನೆಯಲ್ಲಿ 'ಬೈಕಾರ್ನುಯೇಟ್ ಯೂಟೆರಸ್' ಎಂದಿತ್ತು, ಅಂದರೆ ಎರಡು ಕೊಂಬಿನ ಆಕಾರದ ಗರ್ಭಕೋಶ. ಗಂಡ ಮೊಬೈಲಿನಲ್ಲಿ ಹುಡುಕಿ ಹೆದರಿದ. ಅತ್ತೆ ಮಂಚದಿಂದ ಇಳಿಯಲು ಬಿಡಲಿಲ್ಲ. ನನ್ನ ಬಳಿ ಬಂದಾಗ ಐದನೇ ತಿಂಗಳು. ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆಯಿಲ್ಲ.

"ಗ್ರಹಣದ ದಿನ ಹೊರಗೆ ಹೋಗಿದ್ದೆ ಮೇಡಂ, ಅದಕ್ಕೇ ಹೀಗಾಯ್ತಾ?" ಎಂದು ಕೇಳಿದಳು. ಅತ್ತೆಯದು ಬೇರೆ ಅನುಮಾನ: "ಮದುವೆಗೆ ಮುಂಚೆ ಇವರ ಮನೆಯವರಿಗೆ ಗೊತ್ತಿತ್ತೋ ಏನೋ."

ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಹೆಣ್ಣುಮಗು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಎರಡು ನಾಳಗಳು ಸೇರಿ ಅದರ ಗರ್ಭಕೋಶ ಆಗುತ್ತದೆ. ಮೇಲ್ಭಾಗ ಪೂರ್ತಿ ಸೇರದಿದ್ದರೆ ಎರಡು ಕೊಂಬಿನ ಹಾಗೆ ಉಳಿಯುತ್ತದೆ. ಈಕೆ ಹುಟ್ಟುವ ಮುಂಚೆಯೇ ಆದದ್ದಕ್ಕೆ ಈಗಿನ ಗ್ರಹಣ ಏನು ಮಾಡೀತು? ಎಷ್ಟೋ ಜನರಿಗೆ ಮುಟ್ಟು ಸರಿಯಾಗೇ ಇರುತ್ತದೆ, ಸ್ಕ್ಯಾನ್ ಆಗುವ ತನಕ ಸುಳಿವೇ ಸಿಗುವುದಿಲ್ಲ. ಹಾಗಾಗಿ ಮುಚ್ಚಿಟ್ಟ ಮಾತೇ ಬರುವುದಿಲ್ಲ. ಅತ್ತೆ ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

'ಏನೂ ಆಗಲ್ಲ ಬಿಡಿ' ಎಂದು ನಾನು ಹೇಳಲಿಲ್ಲ. ಅದು ಸುಳ್ಳು. ಇಂಥ ಬಸುರಿನಲ್ಲಿ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಮಗು ತಲೆ ಮೇಲಾಗಿ ಕೂರುವುದು, ತೂಕ ಕಡಿಮೆಯಾಗುವುದು, ಇವೆಲ್ಲ ಸ್ವಲ್ಪ ಜಾಸ್ತಿ. ಹಾಗೆಂದು ಮಗು ಉಳಿಯುವುದೇ ಇಲ್ಲ ಎಂದಲ್ಲ, ಬಹಳ ಜನ ಚೆನ್ನಾಗೇ ಹೆರುತ್ತಾರೆ. ಸುಮ್ನೆ ಮಲಗಿದರೆ ಹೆರಿಗೆ ಮುಂದೆ ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಡಾಕ್ಟರಿಗೆ ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆಸಿದೆ: ಓಡಾಡಬಹುದಾ, ಗರ್ಭಕೋಶದ ಬಾಯಿಯ ಉದ್ದ ನೋಡುವ ಸ್ಕ್ಯಾನ್ ಯಾವಾಗ, ಮಗುವಿನ ಬೆಳವಣಿಗೆ ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ, ನನ್ನ ಕಿಡ್ನಿ ಎರಡೂ ಸರಿಯಿದೆಯಾ. ಕೊನೆಯದು ವಿಚಿತ್ರ ಅನಿಸಬಹುದು. ಆದರೆ ಇಂಥವರಲ್ಲಿ ಕೆಲವರಿಗೆ ಒಂದೇ ಕಿಡ್ನಿ ಇರುವುದುಂಟು. ಓಡಾಡಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ಊಟ, ನಿದ್ದೆ ಎರಡೂ ತಾವಾಗಿಯೇ ಸುಧಾರಿಸಿದವು.

ನಿಜವಾದ ಜಗ್ಗಾಟ ಶುರುವಾದದ್ದು ಸೀಮಂತದ ಮಾತು ಬಂದಾಗ. ಏಳನೇ ತಿಂಗಳಲ್ಲಿ ಮಡಿಲು ತುಂಬಿ ಕರೆದುಕೊಂಡು ಹೋಗುತ್ತೇವೆ, ಮೊದಲ ಹೆರಿಗೆ ತವರಲ್ಲೇ ಆಗಬೇಕು ಎಂದು ಆಕೆಯ ಅಮ್ಮನ ಹಟ. ತವರು ಹಳ್ಳಿ. ಹತ್ತಿರದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಾರೆ, ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಎನ್‌ಐಸಿಯು ಇಲ್ಲ. ಅಮ್ಮನಿಗೆ ಒಂದೇ ವಿಷಯ ಬಿಡಿಸಿ ಹೇಳಿದೆ. ಅಂಥ ಮಗುವನ್ನು ಹುಟ್ಟಿದ ಮೇಲೆ ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಸೌಲಭ್ಯವಿರುವ ಕಡೆ ತಲುಪುವುದು ಕ್ಷೇಮ. ಸಮಯ ಸಿಕ್ಕರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಕೊಡಬಹುದು.

"ಹಾಗಾದ್ರೆ ಜನ ಏನಂತಾರೆ?" ಎಂದರು ಅಮ್ಮ. ಅದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ಅತ್ತೆ! "ನೀವೇ ಇಲ್ಲಿಗೆ ಬನ್ನಿ ಬೀಗಿತ್ತಿ. ಸೀಮಂತ ಇಲ್ಲೇ ಮಾಡೋಣ. ಬಾಣಂತನಕ್ಕೆ ಕರ್ಕೊಂಡು ಹೋಗಿ."

ತಾಯಿ ಕಾರ್ಡ್, ಎಲ್ಲ ರಿಪೋರ್ಟ್ ಒಂದೇ ಚೀಲದಲ್ಲಿ ಇಟ್ಟುಕೊಂಡರು. ನೀರು ಸೋರಿದರೆ, ರಕ್ತ ಕಂಡರೆ, ಹೊಟ್ಟೆ ಮತ್ತೆ ಮತ್ತೆ ಬಿಗಿಯಾದರೆ, ಮಗು ಆಡುವುದು ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬಾರದು, 108ಕ್ಕೆ ಫೋನ್ ಮಾಡಬೇಕು ಎಂದು ಮನೆಯವರಿಗೆಲ್ಲ ಹೇಳಿದ್ದೆ.

36ನೇ ವಾರದ ಒಂದು ರಾತ್ರಿ ನೀರು ಹೋಯಿತು. ಮಗು ತಲೆ ಮೇಲಾಗಿತ್ತು, ಸಿಸೇರಿಯನ್ ಆಯಿತು. ಈ ಆಕಾರವಿದ್ದ ಮಾತ್ರಕ್ಕೆ ಎಲ್ಲರಿಗೂ ಸಿಸೇರಿಯನ್ ಬೇಕಿಲ್ಲ. ಮಗು ಕೆಲವು ದಿನ ಎನ್‌ಐಸಿಯುನಲ್ಲಿದ್ದು ಮನೆಗೆ ಬಂತು. ಆಪರೇಷನ್ ವೇಳೆ ಗರ್ಭಕೋಶದ ಮೇಲ್ಭಾಗ ಹೊರಗಿನಿಂದಲೇ ತಗ್ಗಾಗಿದ್ದು ಡಾಕ್ಟರಿಗೆ ಕಂಡಿತು. ಅಂದರೆ ಒಳಗೆ ಬರೀ ಅಡ್ಡಪರದೆಯಿರುವ ಗರ್ಭಕೋಶ ಅಲ್ಲ, ಎರಡು ಕೊಂಬಿನದೇ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಈ ಎರಡನ್ನೂ ಬೇರೆ ಮಾಡುವುದು ಕಷ್ಟ. ಪರದೆಯಾದರೆ ಕೆಲವರಿಗೆ ಅದನ್ನು ತೆಗೆಯುತ್ತಾರೆ, ಇದಕ್ಕೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಆ ಡಿಸ್ಚಾರ್ಜ್ ಪತ್ರವನ್ನು ಕಳೆಯಬೇಡಿ, ಎರಡನೇ ಮಗುವಿಗೆ ಯೋಚಿಸುವ ಮೊದಲೇ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದೆ.