ರಾಣೆಬೆನ್ನೂರು ಹತ್ತಿರದ 6 ಎಕರೆ ಹುಲ್ಲುಗಾವಲಿನ ಕರಾರು: ಮೂರನೇ ವರ್ಷಕ್ಕೇ ದುಡ್ಡು ಖಾಲಿ ಯಾಕೆ?

ಹುಲ್ಲುಗಾವಲನ್ನು ಹಾಗೇ ಉಳಿಸಲು ನಿಮ್ಮ ಟ್ರಸ್ಟ್ ಜಮೀನು ಮಾಲೀಕರ ಜತೆ ಕರಾರು ಮಾಡಿಕೊಂಡಿದೆ, ಅದರ ದುಡ್ಡು ಮೂರನೇ ವರ್ಷಕ್ಕೇ ಯಾಕೆ ಮುಗೀತು ಅಂತ ಕೇಳಿದ್ದೀರಿ. ನೀವು ಕರಾರಿನ ದಿನ ಬಂದ ದೇಣಿಗೆಯನ್ನೆಲ್ಲ ಬೇಲಿ, ನೋಂದಣಿಗೆ ಹಾಕಿದ್ದೀರಿ. ಮುಂದಿನ ನಿಗಾಕ್ಕೆ ಮೂಲಧನ (ಅಸಲು ಮುಟ್ಟದೆ ಬಡ್ಡಿಯಲ್ಲೇ ಖರ್ಚು ನಡೆಸುವ ಹಣ) ಎತ್ತಿಟ್ಟಿಲ್ಲ. ಬಹುಶಃ ಅಲ್ಲೇ ಎಡವಿದ್ದು.

ಮೊದಲು ಒಂದು ವರ್ಷದ ಖರ್ಚು ಬರೆಯಿರಿ. ಬೇಸಿಗೆಗೆ ಮುಂಚೆ ಬೆಂಕಿಗೆರೆ (ಬೆಂಕಿ ಹರಡದಂತೆ ಹುಲ್ಲು ತೆಗೆದ ಪಟ್ಟಿ) ಕೆತ್ತೋದು, ಮೂರು ತಿಂಗಳಿಗೊಮ್ಮೆ ಗಡಿ ಸುತ್ತಿ ಫೋಟೊ ತೆಗೆಯೋದು, ಮತ್ತೆ ಬಳ್ಳಾರಿ ಜಾಲಿ ತೆಗೆಸೋದು. ಗದಗ ಕಡೆ ನಮ್ಮ ಗುಂಪು ನೋಡಿಕೊಳ್ಳುವ ಹೊಲದಲ್ಲಿ ಜಾಸ್ತಿ ದುಡ್ಡು ನುಂಗಿದ್ದು ಇದೇ. ಬರೀ ಕಡಿದರೆ ಒಂದು ಮಳೆಗೆ ಅದೇ ಬುಡದಿಂದ ನಾಲ್ಕು ಚಿಗುರು! ಬೇರು ಸಮೇತ ಕೀಳಿಸುವ ಕೂಲಿಯನ್ನೇ ಲೆಕ್ಕ ಹಿಡಿಯಿರಿ.

ಆಮೇಲೆ ಆ ಮೊತ್ತವನ್ನು 25ರಿಂದ ಗುಣಿಸಿ. ವರ್ಷಕ್ಕೆ 24,000 ಬೇಕಾದರೆ 6 ಲಕ್ಷ. ಬಡ್ಡಿ 7% ಬಂದರೂ 4% ಮಾತ್ರ ತೆಗೆಯಿರಿ, ಉಳಿದದ್ದು ಬೆಲೆಯೇರಿಕೆಗೆ. ಬಡ್ಡಿ ಇಳಿದರೆ ಈ ಲೆಕ್ಕ ಸಾಲದೇ ಹೋಗಬಹುದು. ಕೋರ್ಟು ಖರ್ಚಿಗೆ ಬೇರೆ ಖಾತೆ ಇರಲಿ. ದಾನಿಗಳಿಂದ ‘ಇದು ಮೂಲಧನಕ್ಕೆ’ ಎಂದು ಬರೆಸಿಕೊಳ್ಳಿ, ಸುಮ್ನೆ ಬಾಯಿಮಾತು ಬೇಡ.

ಇನ್ನೊಂದು ತೊಡಕು. 1882ರ ಈಸ್‌ಮೆಂಟ್ ಕಾಯ್ದೆಯ ಹಕ್ಕು (ಬೇರೆಯವರ ಜಮೀನಿನ ಮೇಲಿರುವ ಸೀಮಿತ ಹಕ್ಕು) ಇನ್ನೊಂದು ಜಮೀನಿನ ಅನುಕೂಲಕ್ಕೆ ಅಂಟಿಕೊಂಡಿರುತ್ತದೆ. ಅಂಥ ಜಮೀನಿಲ್ಲದ ಟ್ರಸ್ಟ್ ಕೈಯಲ್ಲಿ, ಅಮೆರಿಕದಲ್ಲಿ ನಿಲ್ಲುವ ಹಾಗೆ, ಇಲ್ಲಿ ಅದು ನಿಲ್ಲೋದು ಕಷ್ಟ. ಹಣ ಎತ್ತುವ ಮುಂಚೆ ಕರಾರನ್ನು ವಕೀಲರಿಗೆ ತೋರಿಸಿ. ವನ್ಯಜೀವಿ ಕಾಯ್ದೆಯ 36ಸಿ ಕಲಮಿನ ಸಮುದಾಯ ಮೀಸಲಿನ (ವನ್ಯಜೀವಿ ರಕ್ಷಣೆಗೆ ಸರ್ಕಾರ ಘೋಷಿಸುವ ಜಾಗ) ಬಗ್ಗೆಯೂ ಕೇಳಿ. ಅದಕ್ಕೆ ಜಮೀನು ಮಾಲೀಕರೇ ಸ್ವಇಚ್ಛೆಯಿಂದ ಮುಂದೆ ಬರಬಹುದು.