ಹಳೇ ಟ್ರ್ಯಾಕ್ಟರ್ ರೆಡಿ ಮಾಡಿದ ಮೇಲೆ ಬಾನೆಟ್ (ಇಂಜಿನ್ ಮುಚ್ಚುವ ತಗಡು) ಯಾಕೆ ಸರಿಯಾಗಿ ಕೂರುವುದಿಲ್ಲ?

ಬಹಳ ಸಲ ತಪ್ಪು ಬಾನೆಟ್‌ನದಲ್ಲ, ಅದು ಕೂರುವ ಬ್ರಾಕೆಟ್‌ನದು.

ನಮ್ಮ ಕೋಲಾರದ ಕಡೆ ಮಾವಿನ ತೋಪು, ಟೊಮೆಟೊ ಹೊಲ ಅಂತ ವರ್ಷಗಟ್ಟಲೆ ಅದುರಿಕೊಂಡೇ ಓಡಿದ ಪುಟ್ಟ ಟ್ರ್ಯಾಕ್ಟರ್‌ಗಳಲ್ಲಿ ರೇಡಿಯೇಟರ್ ಹತ್ತಿರದ ಬ್ರಾಕೆಟ್ ಬಗ್ಗಿರುತ್ತದೆ, ಅದರ ಕೆಳಗಿನ ರಬ್ಬರ್ ಬುಷ್ (ಅದುರು ತಡೆಯುವ ಮೆತ್ತೆ) ಒತ್ತಿ ತೆಳ್ಳಗಾಗಿರುತ್ತದೆ. ಬ್ರಾಕೆಟ್ 2 ಮಿ.ಮೀ. ವಾಲಿದರೂ ಸಾಕು, ಬಾನೆಟ್ ಉದ್ದ ಅಲ್ವಾ, ಆ ತುದಿಗೆ ಹೋಗುವಷ್ಟರಲ್ಲಿ ಬೆರಳು ತೂರುವಷ್ಟು ಸಂದಿ ಆಗಿಬಿಡುತ್ತದೆ. ಹಾಗಾಗಿ ಸುಮ್ನೆ ತಗಡಿಗೆ ಸುತ್ತಿಗೆಯಲ್ಲಿ ಹೊಡೆಯಬೇಡಿ.

ಮೊದಲು ಬುಷ್ ಹೊಸದು ಹಾಕಿ, ಬ್ರಾಕೆಟ್ ನೆಟ್ಟಗೆ ಮಾಡಿ. ಆಮೇಲೆ ಬಾನೆಟ್, ಗ್ರಿಲ್, ಪಕ್ಕದ ತಗಡು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಒಂದು ಬೋಲ್ಟನ್ನೂ ಪೂರ್ತಿ ಬಿಗಿ ಮಾಡದೆ, ಅಲುಗಾಡದ ಡ್ಯಾಶ್‌ಬೋರ್ಡ್ ಕಡೆಯಿಂದ ಶುರು ಮಾಡಿ ಮುಂದಕ್ಕೆ ಸಂದಿ ಸಮ ಮಾಡುತ್ತಾ ಬನ್ನಿ. ತಗ್ಗಾದ ಕಡೆ ವಾಷರ್ ಕೊಡಿ. ಬೋಲ್ಟ್ ತೂತುಗಳು ಒಂದಕ್ಕೊಂದು ಕೂಡದಿದ್ದರೆ ಅರದಲ್ಲಿ ಸ್ವಲ್ಪ ಉದ್ದ ಮಾಡಿ. ಬಿಗಿ ಮಾಡುವುದು ಕೊನೆಗೆ.

ಇದೆಲ್ಲ ಬಣ್ಣಕ್ಕಿಂತ ಮುಂಚೆಯೇ ಆಗಬೇಕು, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಪುಟ್ಟಿ, ಪ್ರೈಮರ್, ಬಣ್ಣ ಸೇರಿದರೆ ಅಂಚು ದಪ್ಪವಾಗುತ್ತದೆ, ಅದಕ್ಕೂ ಜಾಗ ಬಿಟ್ಟಿರಿ.